ಗದ್ದೆಯ ಏಡಿ ಮತ್ತು ಮನೆಯ ತಟ್ಟೆ



ಮುಂಗಾರು ಹಿಡಿದು, ನಾಲೆಗೆ ನೀರು ಬಿಟ್ಟು, ನಾಟಿಯ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಒಂದು ಸುಂದರ ದೃಶ್ಯವನ್ನು ಕಾಣಬಹುದು. ಬಿಡುವಿನ ದಿನ ತಂದೆ, ತಾಯಿ, ಮಕ್ಕಳು, ಕೆಲವೊಮ್ಮೆ ಅಜ್ಜಿಯೂ ಸೇರಿ ಬುಟ್ಟಿ ಹಿಡಿದು ಗದ್ದೆಯ ತೆವರಿಗಳ ಮೇಲೆ ಸಾಲಾಗಿ ಹೊರಡುತ್ತಾರೆ. ಏಡಿಯ ಬಿಲ ಎಲ್ಲಿದೆ ಎಂದು ಹುಡುಕುವುದು ಮಕ್ಕಳಿಗೆ ಆಟ. ಸಂಜೆಯ ಸಾರಿಗೆ ಏನಾದರೂ ದೊರೆತರೆ ತಾಯಿಗೆ ಸಮಾಧಾನ. ಖರ್ಚಿಲ್ಲದೆ ಮನೆಮಂದಿಗೆಲ್ಲ ಒಂದು ದಿನದ ಸಂತೋಷ. ಇಂತಹ ದಿನವನ್ನು ಬೇಡವೆನ್ನಲು ಈ ಪಾಠವನ್ನು ಬರೆದುದಲ್ಲ. ಆ ದಿನ ಸಂತೋಷದಿಂದಲೇ ಮುಗಿಯಬೇಕು ಮತ್ತು ಅದರ ಫಲ ಮನೆಯ ಪ್ರತಿಯೊಬ್ಬರಿಗೂ ಸಲ್ಲಬೇಕು ಎಂಬುದೇ ಇದರ ಉದ್ದೇಶ.

ಏಡಿ ಹಿಡಿಯಲು ಹೊರಡುವ ಗಂಡ-ಹೆಂಡತಿ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಏಡಿ ಯಾವ ನೀರಿನದು? ಹಿಡಿಯುವವರ ಕೈಕಾಲು ಕ್ಷೇಮವೇ? ಅದು ಚೆನ್ನಾಗಿ ಬೆಂದಿದೆಯೇ? ಕೊನೆಗೆ ಅದು ಯಾರ ತಟ್ಟೆಗೆ ಬಿತ್ತು? ಮೊದಲ ಮೂರು ಪ್ರಶ್ನೆಗಳನ್ನು ಅನೇಕರು ಬಲ್ಲರು. ನಾಲ್ಕನೆಯದನ್ನು ಕೇಳುವವರು ವಿರಳ. ಆದರೆ ಕುಟುಂಬದ ಕ್ಷೇಮ ಬಹುಮಟ್ಟಿಗೆ ಆ ನಾಲ್ಕನೆಯ ಪ್ರಶ್ನೆಯನ್ನೇ ಅವಲಂಬಿಸಿದೆ.

ನಮ್ಮ ನೀರು, ಅವರ ನೀರು

ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಆರಂಭವಾಯಿತು. ಮುಂದೆ 1930ರ ದಶಕದಲ್ಲಿ ಇಂದು ವಿಶ್ವೇಶ್ವರಯ್ಯ ನಾಲೆ ಎಂದು ಕರೆಯುವ ಕಾಲುವೆಯಲ್ಲಿ ಕಾವೇರಿಯ ನೀರು ಮಂಡ್ಯ ಸೀಮೆಗೆ ಹರಿದು ಬಂದಿತು. ಮಳೆಯನ್ನೇ ನಂಬಿದ್ದ ಹೊಲಗಳು ಗದ್ದೆಗಳಾದುವು, ಕಬ್ಬಿನ ತೋಟಗಳಾದುವು. ನೀರು ಬಂದಲ್ಲಿಗೆ ಮೀನು, ಏಡಿ, ಬಸವನಹುಳು, ಕಪ್ಪೆಚಿಪ್ಪುಗಳೂ ಬಂದುವು. ಮದ್ದೂರಿನ ಪಕ್ಕದಲ್ಲಿ ಹರಿಯುವ ಶಿಂಷಾ ನದಿ, ಮದ್ದೂರು ಕೆರೆ, ಮಳವಳ್ಳಿಯ ಬಳಿಯ ಮಾರೇಹಳ್ಳಿ ಕೆರೆ, ಇವುಗಳ ಜೊತೆಗೆ ಊರೂರಿನ ಸಣ್ಣ ಕೆರೆಗಳು ಮತ್ತು ಬಸಿಗಾಲುವೆಗಳು ಜಲಜೀವಿಗಳಿಗೆ ಆಶ್ರಯವಾಗಿವೆ.

ಏಡಿಯು ತೆವರಿಯಲ್ಲಿ ಬಿಲ ಕೊರೆದು ಗದ್ದೆಯ ನೀರನ್ನು ಸೋರಿಸುವುದರಿಂದ ರೈತನಿಗೆ ಅದು ಉಪದ್ರವಕಾರಿ. ಆದ್ದರಿಂದ ಅದನ್ನು ಹಿಡಿದರೆ ತೆವರಿಯೂ ಉಳಿಯುತ್ತದೆ, ಸಾರಿಗೂ ಒದಗುತ್ತದೆ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ.

ಕಡಲ ತೀರದ ನಮ್ಮ ಬಂಧುಗಳಲ್ಲಿಯೂ ಇಂತಹುದೇ ರೂಢಿಯಿದೆ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರವನ್ನು ಸೇರುವ ಅಳಿವೆಯಿದೆ. ಸಮುದ್ರದ ನೀರು ಇಳಿದು ಕೆಸರು ತೆರೆದುಕೊಂಡಾಗ ಅಲ್ಲಿನ ಕುಟುಂಬಗಳು ಒಟ್ಟಾಗಿ ಹೋಗಿ ಬಳಚು ಎಂಬ ಚಿಪ್ಪುಜೀವಿಯನ್ನು ಆಯ್ದು ತರುತ್ತವೆ. ಅಲ್ಲಿಯ ಗಜನಿ ಭೂಮಿಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಎಂಬ ಭತ್ತವೂ, ಅದೇ ನೀರಿನಲ್ಲಿ ಸಿಗಡಿ ಮೀನುಗಳೂ ಬೆಳೆಯುತ್ತವೆ. ಈ ಅಳಿವೆಯು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಕಗ್ಗದ ಗಜನಿಯಲ್ಲಿ ಭತ್ತವೂ ಸಿಗಡಿಯೂ ಒಂದೇ ನೀರನ್ನು ಹಂಚಿಕೊಂಡಿರುವುದರಿಂದ ಆ ನೀರಿಗೆ ವಿಷ ಬಿದ್ದರೆ ಎರಡು ಬೆಳೆಗಳೂ ಹಾಳಾಗುತ್ತವೆ. ನಮ್ಮ ಗದ್ದೆಯ ನೀರೂ ಹಾಗೆಯೇ ಒಬ್ಬರ ಸ್ವತ್ತಲ್ಲ. ಒಬ್ಬನ ಗದ್ದೆಯಿಂದ ಬಸಿದ ನೀರು ಇನ್ನೊಬ್ಬನ ಗದ್ದೆಗೆ ಹೋಗುತ್ತದೆ, ಕೊನೆಗೆ ಕೆರೆಗೆ ಸೇರುತ್ತದೆ ಎಂಬುದನ್ನು ಮರೆಯಬಾರದು.

ಏಡಿಯಲ್ಲಿ ಏನಿದೆ?

ಏಡಿಯ ಮಾಂಸದಲ್ಲಿ ದೇಹವನ್ನು ಬೆಳೆಸುವ ಉತ್ತಮ ದರ್ಜೆಯ ಸಸಾರಜನಕವಿದೆ. ರಕ್ತೋತ್ಪತ್ತಿಗೆ ಅವಶ್ಯವಾದ ಬಿ-12 ಜೀವಸತ್ವವಿದೆ. ಗಾಯ ಮಾಯಲು ಮತ್ತು ಮಕ್ಕಳು ಬೆಳೆಯಲು ಬೇಕಾದ ಸತುವಿನ ಅಂಶವಿದೆ. ನಮ್ಮ ತಾಯಂದಿರು ಏಡಿಯ ಸಣ್ಣ ಕಾಲುಗಳನ್ನು ಒರಳಿನಲ್ಲಿ ಕುಟ್ಟಿ, ರಸವನ್ನು ಸೋಸಿ ಸಾರಿಗೆ ಹಾಕುವ ಪದ್ಧತಿ ಒಳ್ಳೆಯದು. ಇಲ್ಲವಾದರೆ ಕಾಲುಗಳ ಒಳಗಿನ ಮಾಂಸವೆಲ್ಲ ವ್ಯರ್ಥವಾಗುತ್ತಿತ್ತು. ರಾಗಿ ಮುದ್ದೆ, ಏಡಿಯ ಸಾರು, ಜೊತೆಗೆ ಸೊಪ್ಪಿನ ಪಲ್ಯ, ಮೇಲೆ ಒಂದು ಹೋಳು ನಿಂಬೆಹಣ್ಣು ಇದ್ದರೆ ಪೇಟೆಯ ಡಬ್ಬಿಗಳಲ್ಲಿ ಮಾರುವ ಶಕ್ತಿವರ್ಧಕ ಪುಡಿಗಳ ಅವಶ್ಯಕತೆಯೇ ಇಲ್ಲ.

ಮಾಂಸಾಹಾರವನ್ನು ಸೇವಿಸದ ಕುಟುಂಬಗಳು ನಿರಾಶರಾಗಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ. ಹುರುಳಿ, ಅವರೆ, ಹಾಲು, ಮೊಸರು ಮತ್ತು ಸೊಪ್ಪುಗಳಿಂದ ಉಳಿದ ಪೋಷಕಾಂಶಗಳನ್ನು ಪಡೆಯಬಹುದು.

ಕಣ್ಣಾರೆ ಕಂಡ ಒಂದು ಪ್ರಸಂಗ

ನಾನು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗ ನಡೆದ ಪ್ರಸಂಗವನ್ನು ಇಲ್ಲಿ ಹೇಳುವುದು ಉಚಿತ. ಒಂದು ಭಾನುವಾರ ಮಧ್ಯಾಹ್ನ ದಂಪತಿಗಳಿಬ್ಬರು ಆರು ವರ್ಷದ ಮಗನನ್ನು ಎತ್ತಿಕೊಂಡು ಓಡಿಬಂದರು. ಮಗುವಿನ ಬಾಯಿಯಿಂದ ಜೊಲ್ಲು ಸುರಿಯುತ್ತಿತ್ತು, ಮೈಯೆಲ್ಲ ಬೆವರಿತ್ತು, ವಾಂತಿಯಾಗುತ್ತಿತ್ತು, ಕಣ್ಣಿನ ಪಾಪೆಗಳು ಸೂಜಿಯ ಮೊನೆಯಷ್ಟು ಚಿಕ್ಕದಾಗಿದ್ದುವು. ಮನೆಮಂದಿಯೆಲ್ಲ ಬೆಳಗಿನಿಂದ ಏಡಿ ಹಿಡಿಯುತ್ತಿದ್ದರೆಂದೂ, ಮಗು ಗದ್ದೆಯ ನೀರಿನಲ್ಲಿ ಮೊಣಕಾಲುದ್ದ ನಿಂತಿದ್ದು, ತೊಳೆಯದ ಕೈಯಿಂದಲೇ ಕಡಲೆಪುರಿ ತಿಂದಿತೆಂದೂ ತಿಳಿಯಿತು.

"ಇವತ್ತು ಏಡಿ ಓಡಲೇ ಇಲ್ಲ ಡಾಕ್ಟರೇ, ಕೈಗೆ ತಾನಾಗಿಯೇ ಬಂದವು" ಎಂದು ತಂದೆ ಹೇಳಿದಾಗ ಸಂಗತಿ ಸ್ಪಷ್ಟವಾಯಿತು. ಆ ಗದ್ದೆಗೆ ಅದೇ ದಿನ ಬೆಳಗಿನ ಜಾವ ಕೀಟನಾಶಕವನ್ನು ಹಾಕಲಾಗಿತ್ತು. ಯಾರೂ ಅವರಿಗೆ ತಿಳಿಸಿರಲಿಲ್ಲ, ಅವರೂ ಕೇಳಿರಲಿಲ್ಲ. ಓಡಬೇಕಾದ ಏಡಿ ಓಡದಿದ್ದುದೇ ಎಚ್ಚರಿಕೆಯಾಗಿತ್ತು. ಅದನ್ನು ಅವರು ಅದೃಷ್ಟವೆಂದು ತಿಳಿದರು.

ಮಗುವಿನ ಬಟ್ಟೆ ತೆಗೆಸಿ, ಮೈಯನ್ನು ಸೋಪು-ನೀರಿನಿಂದ ತೊಳೆಸಿ, ಅಟ್ರೋಪಿನ್ ಎಂಬ ಪ್ರತಿವಿಷವನ್ನು ಕೊಡಲಾಯಿತು. ತಂದೆತಾಯಿ ತಡಮಾಡದೆ ಬಂದಿದ್ದರಿಂದ ಮಗು ಉಳಿಯಿತು. ಮೂರನೆಯ ದಿನ ಹಾಸಿಗೆಯಲ್ಲಿ ಎದ್ದು ಕುಳಿತು ಇಡ್ಲಿ ತಿಂದಿತು.

ಆ ಮೂರನೆಯ ದಿನವೇ ನಾನು ಮಗುವಿನ ತಾಯಿಯನ್ನು ಸರಿಯಾಗಿ ನೋಡಿದುದು. ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದ ಆಕೆ ಮಗುವಿಗಿಂತ ಹೆಚ್ಚು ಬಿಳಿಚಿಕೊಂಡಿದ್ದರು. ಐದು ತಿಂಗಳ ಗರ್ಭಿಣಿ. ಮನೆಯಲ್ಲಿ ಒಂದೂವರೆ ವರ್ಷದ ಇನ್ನೊಂದು ಮಗುವಿದೆ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 7.4 ಗ್ರಾಂ ಮಾತ್ರ ಇತ್ತು. ಗರ್ಭಿಣಿಯರಲ್ಲಿ ಅದು 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತೇವೆ.

"ನಮ್ಮ ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲ. ವಾರಕ್ಕೊಂದು ಸಲ ಏಡಿಯೋ ಮೀನೋ ಆಗಿಯೇ ಆಗುತ್ತದೆ" ಎಂದು ಪತಿ ಸ್ವಲ್ಪ ನೊಂದೇ ಹೇಳಿದರು.

"ಹೋದ ಸಲ ಏಡಿ ಮಾಡಿದಾಗ ನೀವು ಎಷ್ಟು ತಿಂದಿರಮ್ಮ?" ಎಂದು ಆಕೆಯನ್ನು ಕೇಳಿದೆ.

ಆಕೆ ತಲೆ ತಗ್ಗಿಸಿ, "ಸಾರು ಉಂಡೆನಲ್ಲ" ಎಂದರು.

ಪತಿ ಬಹಳ ಹೊತ್ತು ಮಾತನಾಡಲಿಲ್ಲ. ಕೆಸರಿನಲ್ಲಿ ಬಗ್ಗಿ ಏಡಿ ಹಿಡಿದವರು ಆಕೆ, ತೊಳೆದು, ಕುಟ್ಟಿ, ಬೇಯಿಸಿದವರು ಆಕೆ, ಬಡಿಸಿದವರೂ ಆಕೆ. ಮಾಂಸ ಗಂಡಸರ ಮತ್ತು ಮಕ್ಕಳ ತಟ್ಟೆಗೆ ಹೋಗಿತ್ತು. ಆಕೆಗೆ ತಳದ ಸಾರು ಉಳಿದಿತ್ತು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಹಾಗೆ ನಡೆದು ಬಂದಿತ್ತು, ಅಷ್ಟೇ. ಆ ಮನುಷ್ಯ ಕೆಟ್ಟವರಲ್ಲ. ಅವರು ಎಂದೂ ಆ ಕಡೆ ನೋಡಿರಲಿಲ್ಲ.

ಈ ಒಂದು ಕುಟುಂಬದ ಪ್ರಸಂಗದಲ್ಲಿ ನಮ್ಮ ನಾಲ್ಕು ಪ್ರಶ್ನೆಗಳೂ ಅಡಗಿವೆ. ಅವುಗಳನ್ನು ಒಂದೊಂದಾಗಿ ವಿಚಾರ ಮಾಡೋಣ.

ಮೊದಲನೆಯ ಪ್ರಶ್ನೆ: ಯಾವ ನೀರು?

ಭತ್ತ ಮತ್ತು ಕಬ್ಬಿನ ಕೀಟಗಳಿಗೆ ಹಾಕುವ ಔಷಧಿಗಳು, ಸಿಂಪಡಿಸುವ ದ್ರವವಾಗಲಿ ಎರಚುವ ಹರಳಾಗಲಿ, ನೀರಿನಲ್ಲಿ ಬೆರೆತು ಏಡಿ ಮೀನುಗಳ ದೇಹವನ್ನು ಸೇರಬಲ್ಲವು. ಎಂಡ್ರಿನ್ 1990ರಲ್ಲಿಯೂ, ಎಂಡೋಸಲ್ಫಾನ್ 2011ರಲ್ಲಿಯೂ ನಮ್ಮ ದೇಶದಲ್ಲಿ ನಿಷೇಧಕ್ಕೆ ಒಳಗಾದುವು. ಆದರೆ ಬಳಕೆಯಲ್ಲಿರುವ ಔಷಧಿಗಳೂ ವಿಷಗಳೇ. ಡಬ್ಬಿಯ ಮೇಲಿನ ಬಣ್ಣದ ಗುರುತನ್ನು ನೋಡಿರಿ: ಕೆಂಪು ಅತ್ಯಂತ ತೀವ್ರ ವಿಷ, ಹಳದಿ ತೀವ್ರ ವಿಷ, ನೀಲಿ ಮಧ್ಯಮ, ಹಸಿರು ಅಲ್ಪ. ಹಸಿರು ಗುರುತೆಂದರೆ ನಿರಪಾಯವೆಂದು ಅರ್ಥವಲ್ಲ.

ಏಡಿಗೂ ಕೀಟನಾಶಕಕ್ಕೂ ಸಂಬಂಧಪಟ್ಟ ಒಂದು ಸಂಗತಿಯನ್ನು ಹಿರಿಯರು ಕೇಳಿರಬಹುದು. 1970ರ ದಶಕದ ಮಧ್ಯಭಾಗದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಸೊಂಟ ಮತ್ತು ಮೊಣಕಾಲಿನ ಕೀಲುಗಳು ಸವೆದು ಜನ ನಡೆಯಲಾರದಂತಾಗುವ ರೋಗ ಬೆಳಕಿಗೆ ಬಂದಿತು. ಕೀಟನಾಶಕ ಬೆರೆತ ಗದ್ದೆಯ ಏಡಿಯನ್ನು ತಿಂದುದೇ ಕಾರಣವಿರಬಹುದೆಂದು ಆಗ ಸಂಶಯಪಟ್ಟರು. ಮುಂದೆ ನಡೆದ ಅಧ್ಯಯನಗಳು ಅದು ವಂಶಪಾರಂಪರ್ಯವಾಗಿ ಬರುವ ಮೂಳೆ-ಕೀಲುಗಳ ರೋಗವೆಂದು ತೋರಿಸಿದುವು. ಇದರಿಂದ ಎರಡು ವಿಷಯಗಳನ್ನು ತಿಳಿಯಬೇಕು. ಏಡಿ ತಿಂದುದರಿಂದಲೇ ಕೀಲುರೋಗ ಬರುತ್ತದೆಂದು ಹೆದರಬೇಕಾಗಿಲ್ಲ. ಹಾಗೆಂದು ಔಷಧಿ ಹಾಕಿದ ಗದ್ದೆಯ ಏಡಿ ತಿನ್ನಲು ಯೋಗ್ಯವೆಂದೂ ಭಾವಿಸಬಾರದು.

ಆದ್ದರಿಂದ ಈ ನಿಯಮಗಳನ್ನು ಪಾಲಿಸಿರಿ. ಗದ್ದೆಗೆ ಇಳಿಯುವ ಮುನ್ನ ಅದರ ಒಡೆಯರನ್ನು ಕೇಳಿರಿ. ಔಷಧಿ ಹಾಕಿದ ಗದ್ದೆಯಿಂದಲೂ ಅದರ ನೀರು ಬಸಿದು ಹೋಗುವ ಕಾಲುವೆಯಿಂದಲೂ ಆ ಹಂಗಾಮಿನಲ್ಲಿ ಏಡಿ ತೆಗೆಯದಿರುವುದೇ ಕ್ಷೇಮ. ಸತ್ತ ಮೀನು ತೇಲುತ್ತಿದ್ದರೆ, ಏಡಿ ಓಡದೆ ಜಡವಾಗಿ ಬಿದ್ದಿದ್ದರೆ ತಕ್ಷಣ ಹಿಂತಿರುಗಿರಿ. ಕಾರ್ಖಾನೆಯ ಅಥವಾ ಊರಿನ ಚರಂಡಿಯ ನೀರು ಸೇರುವ ಜಾಗವನ್ನು ಬಿಟ್ಟುಬಿಡಿರಿ. ಕೆರೆಯಲ್ಲಿ ಹಿಡಿಯುವುದಾದರೆ ಮೀನು ಹಿಡಿಯುವ ಹಕ್ಕನ್ನು ಯಾರಿಗಾದರೂ ವಹಿಸಲಾಗಿದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿರಿ. ಏಡಿ ಅಥವಾ ಮೀನನ್ನು ಕೊಲ್ಲಲು ನೀರಿಗೆ ಔಷಧಿ ಸುರಿಯುವುದು ಊರಿಗೇ ವಿಷವಿಕ್ಕಿದಂತೆ. ನೀವೇ ಔಷಧಿ ಹಾಕಿದವರಾದರೆ ತೆವರಿಯ ಮೇಲೆ ಒಂದು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿರಿ, ನೆರೆಯವರಿಗೆ ತಿಳಿಸಿರಿ. ಆ ದಿನ ಅಂತಹ ಒಂದು ಬಟ್ಟೆಯ ತುಂಡು ಇದ್ದಿದ್ದರೆ ಆ ಮಗು ಆಸ್ಪತ್ರೆಗೆ ಬರುತ್ತಿರಲಿಲ್ಲ.

ವಿಷ ಸೋಂಕಿದ ಲಕ್ಷಣಗಳು ಕಂಡರೆ ಬಟ್ಟೆಯನ್ನು ತೆಗೆದು ಮೈಯನ್ನು ಸೋಪು ಮತ್ತು ಧಾರಾಳ ನೀರಿನಿಂದ ತೊಳೆಯಿರಿ. ಒತ್ತಾಯದಿಂದ ವಾಂತಿ ಮಾಡಿಸಬೇಡಿರಿ. ಉಪ್ಪುನೀರು, ಎಣ್ಣೆ ಕುಡಿಸಬೇಡಿರಿ. ಎಡಮಗ್ಗುಲಿಗೆ ಮಲಗಿಸಿ, 108 ಸಂಖ್ಯೆಗೆ ಕರೆ ಮಾಡಿ, ಔಷಧಿಯ ಡಬ್ಬಿಯೊಡನೆ ಆಸ್ಪತ್ರೆಗೆ ಕರೆತನ್ನಿರಿ.

ಎರಡನೆಯ ಪ್ರಶ್ನೆ: ಕೈಕಾಲು ಕ್ಷೇಮವೇ?

ಏಡಿ ಕೊರೆದ ಬಿಲದಲ್ಲಿ ಯಾವಾಗಲೂ ಏಡಿಯೇ ಇರುತ್ತದೆಂದು ಹೇಳಲಾಗದು. ಇಲಿಯನ್ನು ಹುಡುಕಿ ಬಂದ ನಾಗರಹಾವು, ಕೊಳಕುಮಂಡಲ ಅದರಲ್ಲಿ ಸೇರಿರಬಹುದು. ಬಿಲಕ್ಕೆ ಬರಿಗೈ ಹಾಕಬೇಡಿರಿ, ಮಕ್ಕಳಿಂದ ಎಂದೂ ಹಾಕಿಸಬೇಡಿರಿ. ಕೋಲಿನಿಂದ ಕೆಣಕಿ ಹೊರಬರಿಸಿರಿ, ಇಲ್ಲವೇ ನೀರು ಹರಿಯುವ ಕಡೆ ಕೂಳಿ ಇಟ್ಟು ಹಿಡಿಯಿರಿ. ಕತ್ತಲಾದ ಮೇಲೆ ತೆವರಿಯ ಮೇಲೆ ಓಡಾಡಬೇಕಾದರೆ ಕೈಯಲ್ಲಿ ಬ್ಯಾಟರಿ ಇರಲಿ. ಹಾವು ಕಚ್ಚಿದರೆ ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗದಿಂದ ಬಿಗಿಯುವುದು, ನಾಟಿ ಮದ್ದಿಗಾಗಿ ಕಾಲಹರಣ ಮಾಡುವುದು ಅಪಾಯಕರ. ಕಚ್ಚಿದ ಕೈಯನ್ನು ಅಥವಾ ಕಾಲನ್ನು ಅಲುಗಾಡಿಸದೆ, ಧೈರ್ಯ ಹೇಳಿ, ಪ್ರತಿವಿಷ ದೊರೆಯುವ ಆಸ್ಪತ್ರೆಗೆ ತನ್ನಿರಿ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆರೋಗ್ಯ ಇಲಾಖೆಗೆ ವರದಿ ಮಾಡುವುದು ಕಡ್ಡಾಯವಾಗಿದೆ. ಅಷ್ಟರಮಟ್ಟಿಗೆ ಇದು ಗಂಭೀರವಾದ ವಿಷಯ.

ನಾಲೆಯ ದಡದಲ್ಲಿ ಮಕ್ಕಳನ್ನು ಬಿಡಬೇಡಿರಿ. ಕಟ್ಟಿದ ನಾಲೆಯ ಗೋಡೆಗೆ ಪಾಚಿ ಹಿಡಿದಿರುತ್ತದೆ. ಒಮ್ಮೆ ಜಾರಿದರೆ ದೊಡ್ಡವರೂ ಹತ್ತಿ ಬರಲಾರರು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸು ನಾಲೆಗೆ ಬಿದ್ದು 30 ಮಂದಿ ತೀರಿಕೊಂಡುದನ್ನು ನಮ್ಮ ಜಿಲ್ಲೆ ಮರೆತಿಲ್ಲ. ಬಸ್ಸನ್ನೇ ನುಂಗಿದ ನೀರು ಮಗುವನ್ನು ಬಿಡುವುದೇ? ಏಡಿ ಹಿಡಿಯಲು ಗದ್ದೆಯ ಸಣ್ಣ ಕಾಲುವೆ ಸಾಕು, ದೊಡ್ಡ ನಾಲೆ ಬೇಡ.

ಇನ್ನೆರಡು ಶತ್ರುಗಳು ಕಣ್ಣಿಗೆ ಕಾಣುವುದಿಲ್ಲ. ಮೊದಲನೆಯದು ಇಲಿಜ್ವರ. ಇಲಿಯ ಮೂತ್ರ ಬೆರೆತ ಕೆಸರುನೀರಿನಿಂದ ರೋಗಾಣುಗಳು ಕಾಲಿನ ಗಾಯದ ಮೂಲಕ ದೇಹವನ್ನು ಸೇರುತ್ತವೆ. ಗದ್ದೆಗೆ ಇಳಿದ ಮುಂದಿನ ಕೆಲವು ವಾರಗಳಲ್ಲಿ ಜ್ವರ, ಮೀನಖಂಡಗಳಲ್ಲಿ ಅತಿಯಾದ ನೋವು, ಕಣ್ಣು ಕೆಂಪಾಗುವುದು, ಕಾಮಾಲೆ ಕಂಡರೆ "ಗದ್ದೆಗೆ ಇಳಿದಿದ್ದೆ" ಎಂದು ವೈದ್ಯರಿಗೆ ತಪ್ಪದೆ ಹೇಳಿರಿ. ಬೇಗ ಚಿಕಿತ್ಸೆ ಕೊಟ್ಟರೆ ಗುಣವಾಗುವ ರೋಗವಿದು. ಎರಡನೆಯದು ಕೊಕ್ಕೆಹುಳು. ಬಯಲಿನಲ್ಲಿ ಮಲವಿಸರ್ಜನೆ ಮಾಡಿದ ನೆಲದಲ್ಲಿ ಇದರ ಮರಿಗಳು ಬೆಳೆದು, ಬರಿಗಾಲಿನ ಚರ್ಮವನ್ನು ಕೊರೆದು ಒಳಸೇರಿ, ಕರುಳಿನಲ್ಲಿ ಕುಳಿತು ದಿನವೂ ರಕ್ತ ಹೀರುತ್ತವೆ. ಶೌಚಾಲಯವನ್ನು ಬಳಸುವುದು, ಕಾಲಿಗೆ ಚಪ್ಪಲಿ ಅಥವಾ ರಬ್ಬರ್ ಬೂಟು ಹಾಕುವುದು, ಮನೆಗೆ ಬಂದೊಡನೆ ಸೋಪಿನಿಂದ ಕೈಕಾಲು ತೊಳೆಯುವುದು, ಇವೇ ರಕ್ಷಣೆ. ಕಾಲಿನಲ್ಲಿ ಗಾಯವಿದ್ದವರು ಅಂದು ತೆವರಿಯ ಮೇಲೆಯೇ ಕುಳಿತು ಬುಟ್ಟಿ ಕಾಯಲಿ.

ಮೂರನೆಯ ಪ್ರಶ್ನೆ: ಚೆನ್ನಾಗಿ ಬೆಂದಿದೆಯೇ?

ಜೀವಂತ ಏಡಿಯನ್ನೇ ಅಡಿಗೆಗೆ ಬಳಸಬೇಕು. ಸತ್ತ ಏಡಿ ಬಹಳ ಬೇಗ ಕೆಡುತ್ತದೆ. ಬುಟ್ಟಿಯಲ್ಲಿ ಸತ್ತುದನ್ನು ಎಸೆಯಿರಿ. ಹಿಡಿದುದನ್ನು ಶುದ್ಧವಾದ ನೀರಿನಲ್ಲಿ ಹಲವು ಬಾರಿ ತೊಳೆದು, ಒಳಗಿನ ಕಿವಿರು ಮತ್ತು ಕರುಳನ್ನು ತೆಗೆದು, ಸಾರು ಕೊತಕೊತನೆ ಕುದಿಯುವಂತೆ ಪೂರ್ತಿ ಬೇಯಿಸಬೇಕು.

ಏಡಿಯನ್ನು ಹಸಿಯಾಗಿಯೋ, ಕೆಂಡದ ಮೇಲೆ ಅರೆಬರೆ ಸುಟ್ಟೋ ತಿನ್ನಬಾರದು. ಕೆಮ್ಮಿಗೆ ಔಷಧವೆಂದು ಯಾರಾದರೂ ಹಸಿ ಏಡಿಯ ರಸವನ್ನು ಸೂಚಿಸಿದರೆ ಒಪ್ಪಬಾರದು. ಈಶಾನ್ಯ ಭಾರತದ ಮಣಿಪುರ, ನಾಗಾಲ್ಯಾಂಡ್ ಮೊದಲಾದ ಕಡೆಗಳಲ್ಲಿ ಹಸಿ ಅಥವಾ ಅರೆಬೆಂದ ಏಡಿಯ ಮೂಲಕ ಒಂದು ಬಗೆಯ ಚಪ್ಪಟೆ ಹುಳು ಮನುಷ್ಯರ ಶ್ವಾಸಕೋಶವನ್ನು ಸೇರಿ, ಕಫದಲ್ಲಿ ರಕ್ತ ಬೀಳುವಂತೆ ಮಾಡುತ್ತದೆ. ಅದನ್ನು ಕ್ಷಯವೆಂದು ತಪ್ಪು ತಿಳಿದು ಚಿಕಿತ್ಸೆ ಕೊಟ್ಟ ಉದಾಹರಣೆಗಳಿವೆ. ಚೆನ್ನಾಗಿ ಬೇಯಿಸಿದರೆ ಈ ಹುಳು ಸಾಯುತ್ತದೆ. ಹಸಿ ಏಡಿ ಕುಟ್ಟಿದ ಒರಳು, ಕೈ ಮತ್ತು ಸೋಸಿದ ಬಟ್ಟೆಯನ್ನು ಸೋಪಿನಿಂದ ತೊಳೆದ ಮೇಲೆಯೇ ಬೇರೆ ಕೆಲಸಕ್ಕೆ ಬಳಸಬೇಕು.

ಬೇಯಿಸಿದರೆ ರೋಗಾಣು ಸಾಯುತ್ತದೆ. ಆದರೆ ಬೇಯಿಸಿದ ಮಾತ್ರಕ್ಕೆ ಕೀಟನಾಶಕದ ವಿಷ ಹೋಗುವುದಿಲ್ಲ. ಆದುದರಿಂದ ಮೂರನೆಯ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟವರು ಮೊದಲನೆಯದನ್ನು ಬಿಡುವಂತಿಲ್ಲ.

ಕೆಲವರಿಗೆ ಏಡಿ ಒಗ್ಗುವುದಿಲ್ಲ. ತಿಂದ ಮೇಲೆ ಮೈಯಲ್ಲಿ ದದ್ದು, ತುಟಿ ಊತ, ಉಬ್ಬಸ ಕಾಣಿಸಿಕೊಂಡರೆ ತಕ್ಷಣ ಆಸ್ಪತ್ರೆಗೆ ಬರಬೇಕು, ಮತ್ತೆಂದೂ ತಿನ್ನಬಾರದು. ಚಿಕ್ಕ ಮಕ್ಕಳಿಗೆ ಕೊಡುವಾಗ ಚಿಪ್ಪಿನ ಚೂರು ಗಂಟಲಿಗೆ ಸಿಕ್ಕಿಕೊಳ್ಳದಂತೆ ಮಾಂಸವನ್ನು ಬಿಡಿಸಿ, ಮೊದಲ ಸಲ ಸ್ವಲ್ಪವೇ ಕೊಟ್ಟು ನೋಡಿರಿ. ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲು ಮಾತ್ರ ಸಾಕು.

ನಾಲ್ಕನೆಯ ಪ್ರಶ್ನೆ: ಯಾರ ತಟ್ಟೆಗೆ?

ಈಗ ಆ ತಾಯಿಯ ವಿಷಯಕ್ಕೆ ಬರೋಣ. ಆಕೆಯ ರಕ್ತ ಏಕೆ ಕಡಿಮೆಯಾಗಿತ್ತು? ಮೊದಲನೆಯದಾಗಿ, ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುತ್ತಿದ್ದರು. ಎರಡನೆಯದಾಗಿ, ಬರಿಗಾಲಿನಲ್ಲಿ ಕೆಸರು ತುಳಿಯುತ್ತಿದ್ದರು. ಪರೀಕ್ಷೆಯಲ್ಲಿ ಕೊಕ್ಕೆಹುಳುವೂ ಕಂಡಿತು. ಮೂರನೆಯದಾಗಿ, ಎರಡನೆಯ ಹೆರಿಗೆಯಲ್ಲಿ ಕಳೆದುಕೊಂಡ ರಕ್ತವನ್ನು ದೇಹ ತುಂಬಿಕೊಳ್ಳುವ ಮುನ್ನವೇ ಮತ್ತೆ ಗರ್ಭಿಣಿಯಾಗಿದ್ದರು. ಇಂತಹ ತಾಯಿಗೆ ಹೆರಿಗೆಯ ಸಮಯದಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ಪ್ರಾಣಾಪಾಯವಾಗಬಹುದು. ಮಗು ಕಡಿಮೆ ತೂಕದ್ದಾಗಿ ಹುಟ್ಟಬಹುದು.

ಗರ್ಭಿಣಿಗೆ ಏಡಿ ಉಷ್ಣ, ಕೊಡಬಾರದು ಎಂದು ಕೆಲವು ಮನೆಗಳಲ್ಲಿ ಹಿರಿಯರು ಹೇಳುವುದುಂಟು. ಶುದ್ಧವಾದ ನೀರಿನಿಂದ ತಂದು ಚೆನ್ನಾಗಿ ಬೇಯಿಸಿದ ಏಡಿಯಿಂದ, ಅದು ಒಗ್ಗುವ ಗರ್ಭಿಣಿಗೆ ತೊಂದರೆಯಿಲ್ಲ. ಹಿರಿಯರನ್ನು ಎದುರಿಸಿ ಮಾತನಾಡುವುದು ಸೊಸೆಗೆ ಕಷ್ಟವಾಗಬಹುದು; ಆ ಮಾತನ್ನು ಗೌರವದಿಂದ ತಾಯಿಗೆ ತಿಳಿಯಹೇಳುವುದು ಮಗನ ಕರ್ತವ್ಯ.

ಆದರೆ ಆಹಾರದಿಂದಲೇ ರಕ್ತಹೀನತೆ ನೀಗುತ್ತದೆಂದು ಮಾತ್ರೆಯನ್ನು ಬಿಡಬಾರದು. ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರವೂ 180 ದಿನ ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳಬೇಕು. ರಕ್ತಹೀನತೆ ಇದ್ದರೆ ವೈದ್ಯರು ಹೆಚ್ಚು ಮಾತ್ರೆಗಳನ್ನೋ ಚುಚ್ಚುಮದ್ದನ್ನೋ ಸೂಚಿಸುತ್ತಾರೆ. ಮಾತ್ರೆಯ ಜೊತೆ ಕಾಫಿ, ಟೀ ಕುಡಿಯಬಾರದು. ನಿಂಬೆಹಣ್ಣಿನ ಪಾನಕ ಒಳ್ಳೆಯದು. ಸುಣ್ಣಾಂಶದ ಮಾತ್ರೆಯನ್ನು ಬೇರೆ ಹೊತ್ತಿನಲ್ಲಿ ನುಂಗಬೇಕು. ಮಲ ಕಪ್ಪಾದರೆ ಗಾಬರಿ ಬೇಡ. ಈ ಮಾತ್ರೆಗಳು ಉಪಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತವೆ. ಆಶಾ ಕಾರ್ಯಕರ್ತೆಯರನ್ನು ಕೇಳಿರಿ.

ಇನ್ನು ಹೆರಿಗೆಗಳ ನಡುವಿನ ಅಂತರದ ಮಾತು. ಒಂದು ಮಗುವಿಗೂ ಇನ್ನೊಂದಕ್ಕೂ ಕನಿಷ್ಠ ಮೂರು ವರ್ಷಗಳ ಅಂತರವಿರಲಿ. ತೆವರಿಯ ಮೇಲೆ ಹೊರಟ ಕುಟುಂಬವನ್ನು ಮತ್ತೊಮ್ಮೆ ಕಣ್ಣ ಮುಂದೆ ತಂದುಕೊಳ್ಳಿರಿ. ತಂದೆತಾಯಿಗೆ ಇರುವುದು ನಾಲ್ಕೇ ಕೈಗಳು. ಕಂಕುಳಲ್ಲೊಂದು, ಬೆನ್ನ ಹಿಂದೊಂದು, ನೀರಿನ ಅಂಚಿನಲ್ಲೊಂದು ಮಗುವಿದ್ದರೆ ಯಾರನ್ನು ಹಿಡಿಯುವುದು, ಬುಟ್ಟಿಯನ್ನು ಯಾರು ಹಿಡಿಯುವುದು? ಬಡಿಸುವಾಗಲೂ ಅದೇ ಲೆಕ್ಕ: ತಟ್ಟೆಗಳು ಹೆಚ್ಚಿದಷ್ಟೂ ಕೊನೆಯಲ್ಲಿ ಉಣ್ಣುವವಳ ಪಾಲು ಕರಗುತ್ತದೆ.

ಈ ವಿಷಯದಲ್ಲಿ ನಮ್ಮ ನಾಡು ಹಿಂದೆ ಬಿದ್ದುದಲ್ಲ. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತ್ತು. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಿರೋಧ್, ವಂಕಿ ಎಂದು ಕರೆಯುವ ಕಾಪರ್-ಟಿ, ಮಾಲಾ-ಎನ್ ಮತ್ತು ಛಾಯಾ ಮಾತ್ರೆಗಳು, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಉಚಿತವಾಗಿ ದೊರೆಯುತ್ತವೆ. ಹೆರಿಗೆಯಾದ 48 ಗಂಟೆಗಳೊಳಗೂ ವಂಕಿಯನ್ನು ಅಳವಡಿಸಿಕೊಳ್ಳಬಹುದು. ಇನ್ನು ಮಕ್ಕಳು ಸಾಕೆಂದು ಇಬ್ಬರೂ ನಿಶ್ಚಯಿಸಿದ ಮೇಲೆ ಶಸ್ತ್ರಚಿಕಿತ್ಸೆಯನ್ನು ಹೆಂಡತಿಯೇ ಮಾಡಿಸಿಕೊಳ್ಳಬೇಕೆಂಬ ನಿಯಮವೇನೂ ಇಲ್ಲ. ಪುರುಷರ ಹೊಲಿಗೆಯಿಲ್ಲದ ವ್ಯಾಸೆಕ್ಟಮಿ ಕೆಲವೇ ನಿಮಿಷಗಳ ಸುಲಭ ಚಿಕಿತ್ಸೆ. ಅದರಿಂದ ದುಡಿಯುವ ಶಕ್ತಿಯಾಗಲಿ ಪುರುಷತ್ವವಾಗಲಿ ಕುಂದುವುದಿಲ್ಲ. ಚಿಕಿತ್ಸೆಯ ನಂತರ ಮೂರು ತಿಂಗಳು ಬೇರೆ ವಿಧಾನವನ್ನು ಅನುಸರಿಸಿ, ಆಮೇಲೆ ಪರೀಕ್ಷೆ ಮಾಡಿಸಬೇಕು. ಯಾವ ವಿಧಾನವಾದರೂ ಇಬ್ಬರೂ ಕೂಡಿ ಆಲೋಚಿಸಿ, ಇಬ್ಬರೂ ಒಪ್ಪಿ ಆರಿಸಿಕೊಂಡುದಾಗಿರಬೇಕು.

ಆ ದಂಪತಿಗಳ ಮುಂದಿನ ಕಥೆ ಹೀಗಿದೆ. ಆಕೆಗೆ ಜಂತುಹುಳುವಿನ ಮಾತ್ರೆ ಕೊಟ್ಟು, ಕಬ್ಬಿಣಾಂಶದ ಮಾತ್ರೆಗಳನ್ನು ದಿನಕ್ಕೆರಡರಂತೆ ಆರಂಭಿಸಿದೆವು. ಪ್ರತಿ ತಿಂಗಳು ಪತಿಯೇ ಜೊತೆಯಲ್ಲಿ ಬರುತ್ತಿದ್ದರು. ಎಂಟನೆಯ ತಿಂಗಳಿನಲ್ಲಿ ಹಿಮೋಗ್ಲೋಬಿನ್ 10.2 ಗ್ರಾಂಗೆ ಏರಿತ್ತು, ಆಸ್ಪತ್ರೆಯಲ್ಲಿ ಸುಖಪ್ರಸವವಾಯಿತು. "ಈಗ ಮನೆಯಲ್ಲಿ ಊಟ ಹೇಗೆ ನಡೆಯುತ್ತದೆ?" ಎಂದು ಕೇಳಿದಾಗ ಪತಿ ನಗುತ್ತ, "ಎಲ್ಲರ ತಟ್ಟೆಯನ್ನೂ ಒಟ್ಟಿಗೇ ಇಡುತ್ತೇವೆ. ನಮ್ಮಮ್ಮನೇ ಮೊದಲು ಸೊಸೆಗೆ ಬಡಿಸುತ್ತಾರೆ" ಎಂದರು. ವೈದ್ಯನಾದವನಿಗೆ ಇದಕ್ಕಿಂತ ಸಂತೋಷದ ಮಾತು ಬೇರೊಂದಿಲ್ಲ.

ನೆನಪಿನಲ್ಲಿಡಬೇಕಾದ ಅಂಶಗಳು

1. ಗದ್ದೆಯ ಒಡೆಯರನ್ನು ಕೇಳದೆ ಏಡಿಗೆ ಇಳಿಯಬೇಡಿರಿ. ಓಡದ ಏಡಿ ಅಪಾಯದ ಸೂಚನೆ.
2. ಬಿಲಕ್ಕೆ ಕೈ ಹಾಕಬೇಡಿರಿ. ಮಕ್ಕಳನ್ನು ನಾಲೆಯ ದಡದಿಂದ ದೂರವಿಡಿರಿ.
3. ಕಾಲಿಗೆ ಪಾದರಕ್ಷೆ, ಬಾಯಿಗೆ ಮೊದಲು ಕೈಗೆ ಸೋಪು.
4. ಜೀವಂತ ಏಡಿಯನ್ನೇ ತಂದು ಪೂರ್ತಿ ಬೇಯಿಸಿರಿ.
5. ಗರ್ಭಿಣಿಗೂ ಬಾಣಂತಿಗೂ ಸಾರಿನ ಜೊತೆಗೆ ಮಾಂಸದ ಪಾಲನ್ನೂ ಕೊಡಿರಿ. ಮಾತ್ರೆಯನ್ನು ತಪ್ಪಿಸಬೇಡಿರಿ.
6. ಹೆರಿಗೆಗಳ ನಡುವೆ ಕನಿಷ್ಠ ಮೂರು ವರ್ಷಗಳ ಅಂತರವಿರಲಿ.

ಗಂಡ-ಹೆಂಡತಿ ಕೂಡಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಊರಿನಲ್ಲಿ ಔಷಧಿ ಹಾಕಿದ ಗದ್ದೆಯನ್ನು ಇತರರು ಗುರುತಿಸುವುದು ಹೇಗೆ?
2. ನಮ್ಮ ಮನೆಯಲ್ಲಿ ಕೊನೆಯಲ್ಲಿ ಉಣ್ಣುವವರು ಯಾರು? ನಿನ್ನೆ ರಾತ್ರಿ ಅವರ ತಟ್ಟೆಯಲ್ಲಿ ಏನಿತ್ತು?
3. ಮುಂದಿನ ಮಗು ಯಾವಾಗ ಬೇಕು, ಬೇಕೇ, ಎಂದು ನಾವಿಬ್ಬರೂ ಕುಳಿತು ಮಾತನಾಡಿದ್ದೇವೆಯೇ?

ಎರಡನೆಯ ಪ್ರಶ್ನೆಗೆ ಉತ್ತರವನ್ನು ಪತಿಯೇ ಮೊದಲು ಹೇಳಲಿ. ಉತ್ತರ ತಿಳಿಯದಿದ್ದರೆ ಇಂದು ರಾತ್ರಿ ಊಟದ ಹೊತ್ತಿಗೆ ತಿಳಿದುಕೊಳ್ಳಲಿ.